ಒಂದು ಪ್ಯಾನೆಲ್, ಐದು ಬ್ಯಾಟರಿ

ಹೊನ್ನಾಳಿಯಿಂದ ಸಾಸ್ವೆಹಳ್ಳಿಯ ಕಡೆಗೋ ನ್ಯಾಮತಿಯಿಂದ ಬೆಳಗುತ್ತಿಯ ಕಡೆಗೋ ಹೊರಟರೆ, ಹೊಲಗಳ ನಡುವಿನ ಒಂಟಿ ಮನೆ, ಪಂಪ್‌ಹೌಸು, ತಗಡಿನ ಶೆಡ್ಡುಗಳ ಮೇಲೆ ಒಂದು ಚಿಕ್ಕ ಸೋಲಾರ್ ಪ್ಯಾನೆಲ್ ಇರುವುದು ಈಗ ವಿಶೇಷವಲ್ಲ. ಅದನ್ನು ತಂದದ್ದು ಸಾಮಾನ್ಯವಾಗಿ ಒಂದೇ ಕೆಲಸಕ್ಕೆ: ರಾತ್ರಿ ಎರಡು ಬಲ್ಬು ಉರಿಯಲಿ ಎಂದೋ, ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಗಳನ್ನು ತಡೆಯುವ ಬೇಲಿ ಯಂತ್ರ ನಡೆಯಲಿ ಎಂದೋ. ಆಮೇಲೆ ಬ್ಯಾಟರಿಗಳು ಒಂದೊಂದಾಗಿ ಬಂದು ಸೇರಿಕೊಂಡವು. ಔಷಧಿ ಹೊಡೆಯುವ ಕೈಪಂಪಿನ ಜಾಗಕ್ಕೆ ಬ್ಯಾಟರಿ ಪಂಪ್ ಬಂತು, ಕೆಲವು ಮನೆಗಳಲ್ಲಿ ಅವೇ ಎರಡಾದವು. ನೀರು ಕಟ್ಟಲು ಹೋಗುವವರಿಗೆ ಹೆಡ್‌ಲೈಟ್ ಬಂತು, ಮನೆಮಂದಿಗೆಲ್ಲ ಮೊಬೈಲ್ ಬಂತು. ಟ್ರ್ಯಾಕ್ಟರಿನಿಂದ ಬಿಚ್ಚಿದ ಹಳೆಯ ಬ್ಯಾಟರಿಯನ್ನೂ ಎಸೆಯಲು ಮನಸ್ಸಾಗದೆ ಮೂಲೆಯಲ್ಲಿಟ್ಟದ್ದಾಯಿತು. ಪ್ಯಾನೆಲ್ ಮಾತ್ರ ಮೊದಲಿನದೇ, ಒಂದೇ. ಅದರಿಂದ ಇಳಿದ ಎರಡು ತಂತಿಗಳಿಗೆ ಕ್ಲಿಪ್ ಸಿಕ್ಕಿಸಿ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ, ಇದ್ದ ಬ್ಯಾಟರಿಗಳನ್ನೆಲ್ಲ ಒಟ್ಟಿಗೆ ಬಿಸಿಲಿಗೆ ಒಪ್ಪಿಸಿಬಿಡುವುದು ರೂಢಿಯಾಗುತ್ತಿದೆ. ವರ್ಷ ತುಂಬುವುದರೊಳಗೆ ಬ್ಯಾಟರಿ ‘ಕೂತಿತು’ ಎಂಬ ದೂರು ಬರುತ್ತದೆ. ಬೈಗುಳ ಪ್ಯಾನೆಲ್ಲಿಗೋ ಬ್ಯಾಟರಿ ಕಂಪನಿಗೋ ಬೀಳುತ್ತದೆ. ನಿಜವಾದ ತಪ್ಪಿರುವುದು ಹಂಚಿಕೆಯಲ್ಲಿ. ಚಿಕ್ಕ ಪ್ಯಾನೆಲ್ಲಿಂದ ಹಲವು ಬ್ಯಾಟರಿಗಳನ್ನು ಚೆನ್ನಾಗಿಯೇ ತುಂಬಬಹುದು. ಆದರೆ ಎಲ್ಲಕ್ಕೂ ಒಟ್ಟಿಗೆ ಸ್ವಲ್ಪ ಸ್ವಲ್ಪ ಹಂಚಿ ಅಲ್ಲ. ಒಂದನ್ನು ಮುಖ್ಯವಾಗಿಟ್ಟುಕೊಂಡು, ಉಳಿದವನ್ನು ಸರದಿಯಲ್ಲಿ, ಪ್ರತಿಯೊಂದನ್ನೂ ಪೂರ್ತಿಯಾಗಿ ತುಂಬಿ.

ಮೊದಲು ಆದಾಯದ ಲೆಕ್ಕ ನೋಡೋಣ. ಪ್ಯಾನೆಲ್ಲಿನ ಹಿಂದೆ ಬರೆದಿರುವ 100 ವ್ಯಾಟ್ ಎನ್ನುವುದು ಪ್ರಯೋಗಾಲಯದ ಮಾತು: ಒಂದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಪ್ಯಾನೆಲ್ಲಿನ ಮೈ ಬರೀ 25 ಡಿಗ್ರಿ ಇದ್ದಾಗ ಸಿಗುವ ಶಕ್ತಿ ಅದು. ನಮ್ಮ ಕಡೆ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟುತ್ತದೆ. ಬೆಳಿಗ್ಗೆ, ಸಂಜೆ ಬಿಸಿಲು ಓರೆ. ಇಡೀ ದಿನದ ಬಿಸಿಲನ್ನು ಒಟ್ಟುಗೂಡಿಸಿದರೆ, ಒಳ್ಳೆಯ ತಿಂಗಳುಗಳಲ್ಲಿ ಸುಮಾರು ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ. ‘12 ವೋಲ್ಟ್’ ಎಂದು ಮಾರುವ 100 ವ್ಯಾಟ್ ಪ್ಯಾನೆಲ್ ನಿಜವಾಗಿ 18 ವೋಲ್ಟಿನ ಆಸುಪಾಸಿನಲ್ಲಿ ಐದೂವರೆ ಆಂಪಿಯರ್ ಕೊಡುವಂಥದ್ದು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಅದನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ತರುತ್ತದೆ. ಆಂಪಿಯರ್ ಉಳಿಯುತ್ತದೆ, ಮೇಲಿನ ವೋಲ್ಟೇಜು ವ್ಯರ್ಥ. ಹಾಗಾಗಿ 100 ವ್ಯಾಟಿನಲ್ಲಿ 70-75 ಮಾತ್ರ ಬ್ಯಾಟರಿಯ ಬಾಯಿಗೆ ಬರುತ್ತದೆ. ಧೂಳು, ತಂತಿಯ ನಷ್ಟ ಕಳೆದು ಒಳ್ಳೆಯ ದಿನಕ್ಕೆ 24 ಆಂಪಿಯರ್-ಅವರ್ ಎಂದು ಹಿಡಿದರೆ ಮೋಸವಿಲ್ಲ. ಜುಲೈ-ಆಗಸ್ಟಿನ ಮೋಡದಲ್ಲಿ ಇದು ಅರ್ಧಕ್ಕಿಳಿದರೆ ಆಶ್ಚರ್ಯಪಡಬಾರದು. ಎಷ್ಟು ಬ್ಯಾಟರಿ ಜೋಡಿಸಿದರೂ, ಹೇಗೆ ಜೋಡಿಸಿದರೂ, ಹಂಚಲು ಇರುವುದು ಇಷ್ಟೇ. ಪ್ಯಾನೆಲ್ ಸಣ್ಣದೋ ದೊಡ್ಡದೋ ಎಂಬ ಮಾತು ಈ ಅಂಕಿಯನ್ನು ಖರ್ಚಿನ ಪಕ್ಕದಲ್ಲಿಟ್ಟಾಗಲೇ ಅರ್ಥ ಪಡೆಯುವುದು.

ಖರ್ಚು ಹೀಗಿದೆ ಎಂದಿಟ್ಟುಕೊಳ್ಳೋಣ. ಚಿಕ್ಕ ಬೇಲಿ ಯಂತ್ರ ಸೆಕೆಂಡಿಗೊಂದರಂತೆ ಮಿಡಿಯುತ್ತ ಸರಾಸರಿ 0.3 ಆಂಪಿಯರ್ ಎಳೆದರೆ ಹನ್ನೆರಡು ಗಂಟೆಯ ರಾತ್ರಿಗೆ 3.6 ಆಂಪಿಯರ್-ಅವರ್. ಐದು ವ್ಯಾಟಿನ ಎರಡು ಎಲ್ಇಡಿ ಬಲ್ಬು ಐದು ಗಂಟೆ ಉರಿದರೆ ನಾಲ್ಕು. ಎರಡು ಮೊಬೈಲಿಗೆ, ನಷ್ಟವೂ ಸೇರಿ, ಇನ್ನು ನಾಲ್ಕು. ಇಲ್ಲಿಗೆ ಹನ್ನೊಂದೂವರೆ ಚಿಲ್ಲರೆ. ಲೆಡ್-ಆಸಿಡ್ ಬ್ಯಾಟರಿ ತೆಗೆದದ್ದಕ್ಕಿಂತ ನೂರಕ್ಕೆ ಹತ್ತು-ಹದಿನೈದು ಪಾಲು ಹೆಚ್ಚೇ ಕೇಳುತ್ತದಾದ್ದರಿಂದ ಹದಿಮೂರು-ಹದಿನಾಲ್ಕು ಅನ್ನೋಣ. 24ರ ಆದಾಯದಲ್ಲಿ ಇದು ಸಲೀಸು. ಔಷಧಿ ಹೊಡೆಯುವ ದಿನ ಲೆಕ್ಕ ಬದಲಾಗುತ್ತದೆ. 12 ವೋಲ್ಟ್ 8 ಆಂಪಿಯರ್-ಅವರ್‌ನ ಎರಡು ಪಂಪ್ ಖಾಲಿಯಾದರೆ ಇನ್ನೂ ಹದಿನಾರು ಬೇಕು. ನಷ್ಟ ಸೇರಿದರೆ ಒಟ್ಟು ಬೇಡಿಕೆ 32ರ ಹತ್ತಿರ ಹೋಗುತ್ತದೆ. ಅದೂ ಯಾವ ಕಾಲದಲ್ಲಿ? 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಅಲ್ಲಿನ ಕೃಷಿ ವಿಜ್ಞಾನಿಗಳು ಭಾರತದಲ್ಲೇ ಮೊದಲ ಬಾರಿಗೆ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳುವನ್ನು ಗುರುತಿಸಿದರು. ಹೊನ್ನಾಳಿ ಅಲ್ಲಿಗೆ ನೆರೆಮನೆ. ಜೂನಿನಲ್ಲಿ ಬಿತ್ತಿದ ಜೋಳದ ಸುಳಿಯೊಳಗೆ ಈ ಹುಳು ಕೂತಾಗ ಔಷಧಿ ಹೊಡೆಯದೆ ವಿಧಿಯಿಲ್ಲ, ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಅಂದರೆ ಪಂಪಿನ ಬ್ಯಾಟರಿಗೆ ಅತಿ ಹೆಚ್ಚು ಕೆಲಸ ಬೀಳುವುದು ಬಿಸಿಲು ಅತಿ ಕಡಿಮೆ ಇರುವ ವಾರಗಳಲ್ಲಿ. ಬೇಸಿಗೆಯಲ್ಲಿ ‘ಎಲ್ಲ ಒಟ್ಟಿಗೆ ಹಾಕಿದರೂ ನಡೆಯುತ್ತದೆ’ ಎಂದು ಕಂಡದ್ದು ಆಷಾಢದಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಕೊರತೆ ಬಿದ್ದಾಗ ಎಲ್ಲರಿಗೂ ಸಮನಾಗಿ ಸ್ವಲ್ಪ ಸ್ವಲ್ಪ ಹಂಚುವುದು ನ್ಯಾಯ ಅಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಇದರ ಉತ್ತರ ಗೊತ್ತು. ಜಲಾಶಯದಲ್ಲಿ ನೀರು ಕಡಿಮೆಯಾದ ವರ್ಷ ನಾಲೆಯಲ್ಲಿ ದಿನವೂ ತೆಳ್ಳಗೆ ನೀರು ಹರಿಸಿದರೆ ಅದು ಕೊನೆಯ ಭಾಗದ ಗದ್ದೆಗೆ ತಲುಪುವುದೇ ಇಲ್ಲ. ಅದಕ್ಕೇ ‘ಆನ್ ಅಂಡ್ ಆಫ್’ ಎಂದು ಕೆಲವು ದಿನ ತುಂಬಿ ಹರಿಸಿ, ಕೆಲವು ದಿನ ನಿಲ್ಲಿಸುವ ಪದ್ಧತಿ. ಲೆಡ್-ಆಸಿಡ್ ಬ್ಯಾಟರಿಯ ವಿಷಯದಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟು, ಏಕೆಂದರೆ ಇಲ್ಲಿ ಅರ್ಧ ತುಂಬುವುದು ಬರೀ ಕೊರತೆಯಲ್ಲ, ಹಾನಿ. ಬ್ಯಾಟರಿ ಖಾಲಿಯಾದಂತೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಏಳುವುದಿಲ್ಲ. ಅಷ್ಟು ಜಾಗ ಸತ್ತಂತೆ. ಆ ಸಲ್ಫೇಟನ್ನು ಪೂರ್ತಿ ಎಬ್ಬಿಸಲು ಬ್ಯಾಟರಿಯ ವೋಲ್ಟೇಜು 14.4ರ ಹತ್ತಿರಕ್ಕೆ ಏರಬೇಕು, ಏರಿದ ಮೇಲೆ ಅಲ್ಲೇ ಒಂದೆರಡು ಗಂಟೆ ನಿಲ್ಲಬೇಕು. ಮೊದಲ ಎಂಬತ್ತು ಪಾಲು ಬೇಗ ತುಂಬುತ್ತದೆ, ಕೊನೆಯ ಇಪ್ಪತ್ತು ಪಾಲು ನಿಧಾನ. ಬ್ಯಾಟರಿಯ ಆಯುಷ್ಯ ನಿರ್ಧಾರವಾಗುವುದು ಆ ಕೊನೆಯ ಇಪ್ಪತ್ತರಲ್ಲಿ.

ಈಗ ಐದು ಬ್ಯಾಟರಿಯನ್ನು ಒಂದೇ ಜೋಡಿ ತಂತಿಗೆ ಸಿಕ್ಕಿಸಿದಾಗ ಆಗುವುದನ್ನು ನೋಡಿ. ಮನೆಯ 40 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಖಾಲಿ, ಪಂಪಿನ ಎರಡೂ ಪೂರ್ತಿ ಖಾಲಿ, ಬೇಲಿಯದು ಮುಕ್ಕಾಲು ತುಂಬಿದೆ, ಐದನೆಯದು ಟ್ರ್ಯಾಕ್ಟರಿನ ಹಳೆಯದು. ಪ್ಯಾನೆಲ್ಲಿನ ಐದು ಆಂಪಿಯರ್ ಇವುಗಳ ನಡುವೆ ಒಡೆದುಹೋಗುತ್ತದೆ. ಯಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ನಮ್ಮ ಅಗತ್ಯವಲ್ಲ; ಬ್ಯಾಟರಿಗಳ ಒಳಗಿನ ರೋಧ, ಕ್ಲಿಪ್ಪಿನ ತುಕ್ಕು, ತಂತಿಯ ಉದ್ದ. ದೊಡ್ಡದು ಹೆಚ್ಚು ಕುಡಿಯುತ್ತದೆ, ಹಳೆಯದು ಕುಡಿದದ್ದನ್ನು ಬಿಸಿಯಾಗಿ ಕಳೆಯುತ್ತದೆ. ಸಂಜೆ ನಾಲ್ಕಕ್ಕೆ ಮೀಟರ್ ಇಟ್ಟರೆ 13.2 ಕಾಣಿಸುತ್ತದೆ, ‘ತುಂಬಿದೆ’ ಎಂದು ಕ್ಲಿಪ್ ತೆಗೆಯುತ್ತಾರೆ. ಅದು ಚಾರ್ಜ್ ಆಗುತ್ತಿರುವಾಗಿನ ವೋಲ್ಟೇಜು, ತುಂಬಿದ ಗುರುತಲ್ಲ. ಕ್ಲಿಪ್ ತೆಗೆದು ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಮಾತ್ರ ಸತ್ಯ ತಿಳಿಯುತ್ತದೆ: 12.7 ಇದ್ದರೆ ಪೂರ್ತಿ, 12.4 ಇದ್ದರೆ ಮುಕ್ಕಾಲು, 12.2 ಅಂದರೆ ಅರ್ಧ. ಐದರಲ್ಲಿ ಒಂದೂ 14.4 ಕಾಣದೆ ದಿನ ಮುಗಿಯುತ್ತದೆ, ಮರುದಿನವೂ ಅದೇ. ಒಂದೇ ಬ್ಯಾಟರಿ ಹಾಳಾಗುವ ಬದಲು ಐದೂ ಒಟ್ಟಿಗೆ ಸವೆಯುತ್ತವೆ.

ಜೋಡಿಸಿದ ಆ ಕ್ಷಣದ ಅಪಾಯವೂ ಇದೆ. ತುಂಬಿದ ದೊಡ್ಡ ಬ್ಯಾಟರಿಗೆ ಖಾಲಿ ಚಿಕ್ಕದನ್ನು ನೇರವಾಗಿ ತಗುಲಿಸಿದರೆ ಪ್ಯಾನೆಲ್ಲಿನ ಮಾತು ಹಾಗಿರಲಿ, ದೊಡ್ಡದೇ ಚಿಕ್ಕದಕ್ಕೆ ಸುರಿಯುತ್ತದೆ. ಎರಡರ ನಡುವೆ ಮುಕ್ಕಾಲು ವೋಲ್ಟು ವ್ಯತ್ಯಾಸವಿದ್ದರೂ ಹತ್ತು ಆಂಪಿಯರ್ ಮೀರಬಹುದು. ಪಂಪಿನ ಪುಟ್ಟ ಬ್ಯಾಟರಿ ತಾಳುವುದು ಎರಡು ಆಂಪಿಯರ್ ಮಾತ್ರ. ಹಳೆಯ ಬ್ಯಾಟರಿಯ ಆರು ಸೆಲ್ಲುಗಳಲ್ಲಿ ಒಂದು ಒಳಗೇ ಶಾರ್ಟ್ ಆಗಿದ್ದರೆ ಅದರ ಪೂರ್ಣ ವೋಲ್ಟೇಜೇ ಹತ್ತೂವರೆ. ಅದು ರಾತ್ರಿಯಿಡೀ ಉಳಿದ ನಾಲ್ಕನ್ನೂ ತನ್ನ ಮಟ್ಟಕ್ಕೆ ಎಳೆಯುತ್ತಿರುತ್ತದೆ. ಲಿಥಿಯಂ ಬ್ಯಾಟರಿಯನ್ನೂ ಲೆಡ್-ಆಸಿಡ್ಡನ್ನೂ ಒಂದೇ ತಂತಿಗೆ ಹಾಕುವುದಂತೂ ಕೂಡದು. ಇನ್ನು ಸೀರೀಸ್, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್. ಅಲ್ಲಿ ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ ಆದ್ದರಿಂದ ಚಿಕ್ಕದು ಮೊದಲು ತುಂಬಿ ಕುದಿಯತೊಡಗುತ್ತದೆ, ದೊಡ್ಡದು ಆಗಿನ್ನೂ ಅರ್ಧದಲ್ಲಿರುತ್ತದೆ. ಅಳತೆ ಬೇರೆ ಬೇರೆ ಇರುವ ಬ್ಯಾಟರಿಗಳಿಗೆ ಆ ದಾರಿಯ ಯೋಚನೆಯೇ ಬೇಡ.

ಹಾಗಾದರೆ ದಿನಕ್ಕೊಂದರಂತೆ ಪ್ಯಾನೆಲ್ಲಿಗೆ ನೇರವಾಗಿ ಕೊಟ್ಟರೆ? ತತ್ವ ಸರಿ. ಆದರೆ ತೊಂದರೆ ತಿರುಗಿ ಬೀಳುತ್ತದೆ: ಐದಕ್ಕೆ ಸಾಲದ ಕರೆಂಟು ಒಂದಕ್ಕೆ ವಿಪರೀತ. ಐದೂವರೆ ಆಂಪಿಯರನ್ನು 7 ಅಥವಾ 8 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿಗೆ ನುಗ್ಗಿಸಿದರೆ ಅದು ಬಿಸಿಯಾಗಿ, ಒಳಗಿನ ನೀರಂಶ ಕಳೆದುಕೊಂಡು, ಹೊಟ್ಟೆಯುಬ್ಬಿ ಕೂರುತ್ತದೆ. ಕಂಟ್ರೋಲರ್ ಇಲ್ಲದೆ ಕೊಟ್ಟರಂತೂ ಪ್ಯಾನೆಲ್ಲಿನ ಖಾಲಿ ವೋಲ್ಟೇಜು 21ರ ಮೇಲಿರುತ್ತದೆ, ತಡೆಯುವವರೇ ಇಲ್ಲ. ಆದ್ದರಿಂದ ಸರಿಯಾದ ಏರ್ಪಾಡು ಒಂದೇ: ಒಂದು ಪ್ಯಾನೆಲ್, ಒಂದು ಕಂಟ್ರೋಲರ್, ಅದಕ್ಕೆ 40 ಆಂಪಿಯರ್-ಅವರ್ ಆಸುಪಾಸಿನ ಒಂದು ತಾಯಿ ಬ್ಯಾಟರಿ. ಪ್ಯಾನೆಲ್ಲಿಗೆ ನೇರ ಸಂಬಂಧ ಅದಕ್ಕೆ ಮಾತ್ರ. ಉಳಿದವು ತಾಯಿಯಿಂದ, ಪ್ರತಿಯೊಂದೂ ತನ್ನದೇ ಚಿಕ್ಕ ಚಾರ್ಜರಿನ ಮೂಲಕ ತೆಗೆದುಕೊಳ್ಳಬೇಕು. ತಾಯಿ ಬ್ಯಾಟರಿ 12.8ರಲ್ಲಿ ಇರುವಾಗ ಮರಿಗೆ 14.4 ಸಿಗುವುದು ಹೇಗೆ? ಅದಕ್ಕೆ ವೋಲ್ಟೇಜನ್ನು ಏರಿಸಲೂ ಇಳಿಸಲೂ ಬಲ್ಲ ಬಕ್-ಬೂಸ್ಟ್ ಕನ್ವರ್ಟರ್ ಬೇಕು. ಅದರಲ್ಲಿ ಎರಡು ತಿರುಪು ಇರುವಂಥದ್ದನ್ನೇ ಕೇಳಿ ತರಬೇಕು: ಒಂದು ವೋಲ್ಟೇಜಿನ ಮಿತಿಗೆ, ಇನ್ನೊಂದು ಕರೆಂಟಿನ ಮಿತಿಗೆ. 14.4 ವೋಲ್ಟು, ಒಂದೂವರೆಯಿಂದ ಎರಡು ಆಂಪಿಯರ್ ಎಂದು ಒಮ್ಮೆ ಮೀಟರ್ ಹಿಡಿದು ಹೊಂದಿಸಿದರೆ ಪಂಪಿನ ಬ್ಯಾಟರಿಗೆ ಒಪ್ಪುವ ಚಾರ್ಜರ್ ಅದೇ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಇಂಥವು ಸಿಗುತ್ತವೆ. ರೇಡಿಯೋ-ಟಿವಿ ರಿಪೇರಿ ಬಲ್ಲ ಯಾರಾದರೂ ಪೆಟ್ಟಿಗೆಯಲ್ಲಿ ಕೂರಿಸಿ ಕೊಡಬಲ್ಲರು. ಬ್ಯಾಟರಿ ತುಂಬಿದ ಮೇಲೂ ದಿನಗಟ್ಟಲೆ 14.4ರಲ್ಲೇ ಬಿಡಬಾರದು, ಸಂಜೆ ಕಳಚಬೇಕು.

ಬ್ಯಾಟರಿಯಿಂದ ಬ್ಯಾಟರಿಗೆ ಸಾಗಿಸಿದರೆ ನಷ್ಟವಾಗುವುದಿಲ್ಲವೇ ಎಂದು ಬಲ್ಲವರು ಕೇಳುತ್ತಾರೆ, ಸರಿಯಾದ ಪ್ರಶ್ನೆ. ಲೆಡ್-ಆಸಿಡ್ಡಿಗೆ ಹಾಕಿದ ಶಕ್ತಿಯಲ್ಲಿ ಮರಳಿ ಸಿಗುವುದು ಸುಮಾರು ನೂರಕ್ಕೆ ಎಂಬತ್ತು, ಬಕ್-ಬೂಸ್ಟ್ ಕನ್ವರ್ಟರ್ ಇನ್ನು ಹತ್ತು-ಹನ್ನೆರಡು ತಿನ್ನುತ್ತದೆ. ರಾತ್ರಿ ತಾಯಿಯಿಂದ ಮರಿಗೆ ತುಂಬಿದರೆ ನೂರರಲ್ಲಿ ಸುಮಾರು ಮೂವತ್ತು ದಾರಿಯಲ್ಲೇ ಹೋಗುತ್ತದೆ. ಆದರೆ ಅದೇ ಕೆಲಸವನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ, ಬಿಸಿಲಿರುವಾಗ ಮಾಡಿದರೆ ಲೆಕ್ಕವೇ ಬೇರೆ. ಆಗ ಪ್ಯಾನೆಲ್ಲಿಂದ ಬರುವ ಐದು ಆಂಪಿಯರಿನಲ್ಲಿ ಎರಡೂವರೆ ನೇರವಾಗಿ ಮರಿಯ ಚಾರ್ಜರಿಗೆ ಹೋಗುತ್ತದೆ, ಉಳಿದದ್ದು ತಾಯಿಗೆ. ತಾಯಿಯ ಹೊಟ್ಟೆಯೊಳಗೆ ಹೋಗಿ ಹೊರಬರುವ ಕಷ್ಟವೇ ಇಲ್ಲ. ಮೋಡ ಅಡ್ಡ ಬಂದ ಹತ್ತು ನಿಮಿಷ ಮಾತ್ರ ತಾಯಿ ತನ್ನದನ್ನು ಕೊಡುತ್ತದೆ. ಸೈನಿಕ ಹುಳುವಿಗೆ ಔಷಧಿ ಹೊಡೆಯುವುದು ಬೆಳಗಿನ ಹೊತ್ತು ಅಥವಾ ಸಂಜೆ, ಹುಳು ಸುಳಿಯಿಂದ ಮೇಲೆ ಬರುವಾಗ. ನಡು ಹಗಲಲ್ಲಿ ಪಂಪ್ ಹೇಗೂ ಖಾಲಿ ಕೂತಿರುತ್ತದೆ. ಬೇಸಾಯದ ವೇಳೆಯೂ ಬಿಸಿಲಿನ ವೇಳೆಯೂ ಇಷ್ಟು ಚೆನ್ನಾಗಿ ಹೊಂದುವಾಗ ಸರದಿ ಪಾಲಿಸುವುದು ಕಷ್ಟವಲ್ಲ. ಇದಕ್ಕೆ ಬದಲಾಗಿ ಇನ್ವರ್ಟರ್ ಇಟ್ಟು 230 ವೋಲ್ಟ್ ಮಾಡಿ, ಪಂಪಿನ ಜೊತೆ ಬಂದ ಚಾರ್ಜರನ್ನು ಅದಕ್ಕೆ ಸಿಕ್ಕಿಸುವವರು ಹೆಚ್ಚು. ಸಾಧಾರಣ ಇನ್ವರ್ಟರ್ ಏನೂ ಕೆಲಸವಿಲ್ಲದೆಯೇ ಹತ್ತು ವ್ಯಾಟ್ ಎಳೆಯಬಲ್ಲದು. ಎಂಟು ಗಂಟೆ ಚಾಲೂ ಇಟ್ಟರೆ 80 ವ್ಯಾಟ್-ಅವರ್. ಚಿಕ್ಕ ಪ್ಯಾನೆಲ್ಲಿನ ಇಡೀ ದಿನದ ಗಳಿಕೆಯ ಕಾಲುಭಾಗ ಅದಕ್ಕೇ ಹೋಯಿತು.

ಈ ಏರ್ಪಾಡಿನ ಇನ್ನೊಂದು ಲಾಭ, ಬ್ಯಾಟರಿಗಳ ಸಂಖ್ಯೆಯೇ ಇಳಿಯುತ್ತದೆ. ಬೇಲಿ ಯಂತ್ರವನ್ನು ಹೊಲದ ಮೂಲೆಯಲ್ಲಿಟ್ಟು ಅದಕ್ಕೊಂದು ಬೇರೆ ಬ್ಯಾಟರಿ ಇಡುವ ಅಗತ್ಯ ಅನೇಕ ಕಡೆ ಇಲ್ಲ. ಯಂತ್ರ ಹೊರಗೆ ಕಳಿಸುವುದು ಸಾವಿರಾರು ವೋಲ್ಟಿನ, ಕ್ಷಣಮಾತ್ರದ ಮಿಡಿತ. ಅದು ಒಳ್ಳೆಯ ಇನ್ಸುಲೇಟರಿನ ಮೇಲೆ ದೂರ ಹೋದರೂ ಸೊರಗುವುದಿಲ್ಲ. ಸೊರಗುವುದು 12 ವೋಲ್ಟು. 15 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರಿನ ತೆಳು ತಂತಿ ಎಳೆದು ಐದೂವರೆ ಆಂಪಿಯರ್ ಹರಿಸಿದರೆ ಹೋಗಿ ಬರುವ ದಾರಿಯಲ್ಲಿ ಎರಡೂಮುಕ್ಕಾಲು ವೋಲ್ಟು ಕಳೆದುಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ಮುಕ್ಕಾಲು ವೋಲ್ಟಿನೊಳಗೆ. ಆದ್ದರಿಂದ ಬೇಲಿ ಯಂತ್ರವನ್ನು ತಾಯಿ ಬ್ಯಾಟರಿಯ ಪಕ್ಕಕ್ಕೇ ತಂದು, ಬೇಲಿಯ ತಂತಿಯನ್ನು ಮಾತ್ರ ಹೊಲಕ್ಕೆ ಕಳಿಸುವುದು ಜಾಣತನ. ಬಲ್ಬು, ಮೊಬೈಲ್, ಹೆಡ್‌ಲೈಟ್ ಎಲ್ಲ ತಾಯಿಯಿಂದಲೇ. ಟ್ರ್ಯಾಕ್ಟರಿನ ಹಳೆಯದನ್ನು ಬಿಟ್ಟುಬಿಡಬೇಕು: ಅದು ಎಂಜಿನ್ ಎಬ್ಬಿಸಲು ಕ್ಷಣಕಾಲ ಭಾರಿ ಕರೆಂಟು ಕೊಡುವುದಕ್ಕೆ ಮಾಡಿದ್ದು, ರಾತ್ರಿಯಿಡೀ ಸಣ್ಣಗೆ ಕೊಡುವುದಕ್ಕಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದು ಕೊಳ್ಳುವಾಗ ಅದನ್ನು ಅಂಗಡಿಗೇ ಒಪ್ಪಿಸಬೇಕೇ ಹೊರತು ಹಿತ್ತಲಲ್ಲಿ ಒಡೆದು ಸೀಸ ತೆಗೆಯುವ ಕೆಲಸಕ್ಕೆ ಕೈಹಾಕಬಾರದು. ಆ ಮಣ್ಣಿನಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೇರುವ ವಿಷ ಅದು. ಹೀಗೆ ಐದರಲ್ಲಿ ಉಳಿಯುವುದು ಒಂದು ತಾಯಿ, ಪಂಪಿನ ಎರಡು ಮರಿ.

ನೆರಳಿನ ಬಗ್ಗೆ ಚನ್ನಗಿರಿಯ ಅಡಿಕೆ ತೋಟದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 12 ವೋಲ್ಟಿನ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 36 ಸೆಲ್ಲು ಸಾಲಾಗಿ ಜೋಡಿಸಿರುತ್ತವೆ, ಅರ್ಧರ್ಧಕ್ಕೆ ಒಂದು ಬೈಪಾಸ್ ಡಯೋಡು. ಒಂದು ಅಡಿಕೆ ಗರಿಯ ನೆರಳು ಒಂದೇ ಸೆಲ್ಲನ್ನು ಪೂರ್ತಿ ಮುಚ್ಚಿದರೂ ಆ ಅರ್ಧ ಭಾಗವೇ ಆಟದಿಂದ ಹೊರಗೆ. ಉಳಿದರ್ಧ ಕೊಡುವ ವೋಲ್ಟೇಜು ಒಂಬತ್ತು, ಅದರಿಂದ 12 ವೋಲ್ಟಿನ ಬ್ಯಾಟರಿಗೆ ಒಂದು ಹನಿಯೂ ಇಳಿಯುವುದಿಲ್ಲ. ಮೂವತ್ತಾರರಲ್ಲಿ ಒಂದಕ್ಕೆ ನೆರಳು ಬಿದ್ದರೆ ಮೂವತ್ತಾರರಲ್ಲಿ ಒಂದು ಪಾಲು ನಷ್ಟ ಎಂದುಕೊಂಡಿದ್ದರೆ ಅದು ತಪ್ಪು ಲೆಕ್ಕ. ತೋಟದ ಅಂಚಿನಲ್ಲಿ, ದಕ್ಷಿಣಕ್ಕೆ ಮುಖಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ, ಹತ್ತರಿಂದ ಮೂರರವರೆಗೆ ಗರಿ ಸೋಕದ ಜಾಗ ಹುಡುಕಬೇಕು. ಬ್ಯಾಟರಿ ಮಾತ್ರ ಅದಕ್ಕೆ ವಿರುದ್ಧ: ಅದಕ್ಕೆ ನೆರಳು, ಗಾಳಿ ಬೇಕು. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಲೆಡ್-ಆಸಿಡ್ಡಿನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ಜಗಳೂರಿನ ಏಪ್ರಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರು ಬೇಡ. ಪ್ಲಸ್ಸಿನ ತಂತಿಯಲ್ಲಿ, ಬ್ಯಾಟರಿಯ ಹತ್ತಿರವೇ, ಒಂದು ಫ್ಯೂಸು ಇರಲೇಬೇಕು.

ಆಕ್ಷೇಪಗಳಿವೆ. ಪೇಟೆಯ ಅಂಗಡಿಗಳಲ್ಲಿ ಇನ್ವರ್ಟರಿಗೆ ಎರಡು, ನಾಲ್ಕು ಬ್ಯಾಟರಿಗಳನ್ನು ಸಮಾನಾಂತರವಾಗಿ ಜೋಡಿಸುತ್ತಾರಲ್ಲ, ಅವೇಕೆ ಹಾಳಾಗುವುದಿಲ್ಲ ಎಂಬುದು ಒಂದು. ಅವು ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ದಿನ ಕೊಂಡ ಬ್ಯಾಟರಿಗಳು. ಸಮ ಉದ್ದದ ದಪ್ಪ ತಂತಿಯಲ್ಲಿ ಸದಾ ಕೂಡಿಯೇ ಇರುತ್ತವೆ, ಕೂಡಿಯೇ ಖಾಲಿಯಾಗುತ್ತವೆ, ಕೂಡಿಯೇ ತುಂಬುತ್ತವೆ. ಲೆಕ್ಕದಲ್ಲಿ ಅವು ಒಂದೇ ದೊಡ್ಡ ಬ್ಯಾಟರಿ. ಬೆಳಿಗ್ಗೆ ಹೊಲಕ್ಕೆ ಹೋಗಿ ಖಾಲಿಯಾಗಿ ಬರುವ ಪಂಪಿಗೂ ಗೋಡೆಯ ಬದಿ ಕೂತ ಮನೆಯ ಬ್ಯಾಟರಿಗೂ ಆ ಸಮಾನತೆ ಎಲ್ಲಿಂದ ಬರಬೇಕು?

ಎರಡನೆಯದು ಇನ್ನೂ ಬಲವಾದದ್ದು. 2023ರ ಜುಲೈಯಿಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಊರಿನ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೋದರಾಯಿತು, ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಊರೊಳಗೆ ಮನೆ ಇದ್ದು ಹೊಲ ಹತ್ತಿರವಿದ್ದವರಿಗೆ ಅದೇ ಸರಿ. ಪಂಪಿನ ಬ್ಯಾಟರಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಹೊಲದಲ್ಲೇ ವಾಸವಿರುವವರು, ಪಂಪ್‌ಸೆಟ್ಟಿನ ಲೈನು ಬಿಟ್ಟರೆ ಬೇರೆ ಸಂಪರ್ಕವಿಲ್ಲದವರು ಇದ್ದಾರೆ. ಆ ಲೈನಿನಲ್ಲಿ ತ್ರೀಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ಕೊಯ್ಲಾದ ಗದ್ದೆಗಳಲ್ಲಿ ಕುರಿ ತರುಬುತ್ತ ಊರಿಂದೂರಿಗೆ ಸಾಗುವ ಕುರಿಗಾಹಿಗಳಿಗೆ ಯಾವ ಮೀಟರೂ ಇಲ್ಲ. ನನ್ನ ವಾದ ಇವರ ಪರವಾದದ್ದು. ಬೇಲಿಯಂತೂ ಎಲ್ಲರಿಗೂ ರಾತ್ರಿಯ ಪ್ರಶ್ನೆ. ಬ್ಯಾಟರಿ ಕೈಕೊಟ್ಟ ರಾತ್ರಿ, ತೆನೆ ಕಟ್ಟಿದ ಜೋಳ ಕಣ್ಣೆದುರಿಗೆ ಹಾಳಾಗುವುದನ್ನು ನೋಡಲಾರದೆ, ಲೈನಿನಿಂದಲೇ ಬೇಲಿಗೆ ಕರೆಂಟು ಕೊಡುವ ದುರ್ಬುದ್ಧಿ ಹುಟ್ಟುತ್ತದೆ. ಬೇಲಿ ಯಂತ್ರದ ಮಿಡಿತ ಪ್ರಾಣಿಯನ್ನು ಬೆದರಿಸಿ ಹಿಂದಕ್ಕೆ ಕಳಿಸುತ್ತದೆ. 230 ವೋಲ್ಟಿನ ನೇರ ಲೈನು ಹಿಡಿದವರನ್ನು ಬಿಡುವುದಿಲ್ಲ. ಕಾಡಂಚಿನ ಊರುಗಳಲ್ಲಿ ಆನೆಗಳು ಸತ್ತದ್ದು, ಪಕ್ಕದ ಹೊಲದವರು, ಕೆಲವೊಮ್ಮೆ ಹಾಕಿದವರೇ ಸತ್ತದ್ದು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗುತ್ತಿದೆ. ಬೇಲಿಯ ಬ್ಯಾಟರಿ ಪ್ರತಿ ಸಂಜೆ ತುಂಬಿರಬೇಕು ಎಂದು ನಾನು ಹಟ ಹಿಡಿಯುವುದು ಬ್ಯಾಟರಿಯ ಬೆಲೆಗಾಗಿ ಮಾತ್ರವಲ್ಲ.

ಪ್ಯಾನೆಲ್ ಅಗ್ಗವಾಗಿದೆ, ಇನ್ನೊಂದು ಹಾಕಿದರೆ ಮುಗಿಯಿತು ಎನ್ನುವವರ ಮಾತಿನಲ್ಲೂ ಸತ್ಯವಿದೆ. ಪ್ಯಾನೆಲ್ಲಿನ ಬೆಲೆ ಇಳಿದಷ್ಟು ಬ್ಯಾಟರಿಯ ಬೆಲೆ ಇಳಿದಿಲ್ಲ. ಮಳೆಗಾಲದ ಕೊರತೆಗೆ ಎರಡನೆಯ 100 ವ್ಯಾಟ್ ಪ್ಯಾನೆಲ್, ಕಂಟ್ರೋಲರ್ ತಾಳುವುದಾದರೆ, ಒಳ್ಳೆಯ ಹೂಡಿಕೆಯೇ. ಆದರೆ ಅದು ಸರದಿಯ ಅಗತ್ಯವನ್ನು ಅಳಿಸುವುದಿಲ್ಲ. ಕೊನೆಯ ಇಪ್ಪತ್ತು ಪಾಲಿಗೆ ಬೇಕಾದದ್ದು ಹೆಚ್ಚು ಕರೆಂಟಲ್ಲ, ಸಮಯ. ಅದು ಫಲಕದೊಳಗಿನ ರಾಸಾಯನಿಕ ಕ್ರಿಯೆಯ ವೇಗ. ಚಿಕ್ಕ ಬ್ಯಾಟರಿಯ ಎರಡು ಆಂಪಿಯರಿನ ಮಿತಿಯೂ ಪ್ಯಾನೆಲ್ ದೊಡ್ಡದಾದರೆ ಬದಲಾಗದು. ದೊಡ್ಡ ಪ್ಯಾನೆಲ್ಲಿನಿಂದ ಆಗುವ ಉಪಕಾರವೆಂದರೆ ಎರಡು ಮರಿಗಳನ್ನು, ಬೇರೆ ಬೇರೆ ಚಾರ್ಜರಿನಲ್ಲಿ, ಒಂದೇ ಹಗಲಿನಲ್ಲಿ ತುಂಬಿಸಬಹುದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಮಾತು ಬೇರೆ: ಅದು ಅರ್ಧ ತುಂಬಿದ್ದರೂ ಕೆಡುವುದಿಲ್ಲ, ಹಾಕಿದ್ದರಲ್ಲಿ ತೊಂಬತ್ತೈದರ ಹತ್ತಿರ ಮರಳಿ ಕೊಡುತ್ತದೆ, ಹಗುರ, ಆಯುಷ್ಯ ದೊಡ್ಡದು. ಕೈಯಲ್ಲಿ ಹಣವಿದ್ದು ತಾಯಿ ಬ್ಯಾಟರಿಯನ್ನೇ ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ, ಕಂಟ್ರೋಲರಿನಲ್ಲಿ ಲಿಥಿಯಂ ಎಂಬ ಆಯ್ಕೆ ಇದೆಯೇ ಎಂದು ನೋಡಿಕೊಂಡು. ಆದರೆ ಈಗ ಮನೆಗಳಲ್ಲಿ ಇರುವ ಪಂಪುಗಳಲ್ಲಿ ಹೆಚ್ಚಿನವುಗಳೊಳಗೆ ಇನ್ನೂ ಸೀಸವೇ ಇದೆ. ಇರುವುದನ್ನು ಬಾಳಿಸುವ ದಾರಿ ಮೊದಲು ಬೇಕು.

ಒಂದು ಮೂಲದಿಂದ ಹಲವು ಬ್ಯಾಟರಿ ತುಂಬುವ ಈ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಇದನ್ನು ಎರಡು ರೀತಿಯಲ್ಲಿ ಬಿಡಿಸಿ ತೋರಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಬಡವರ ಮನೆಗೆ ಸೌರ ಬೆಳಕು ಒಯ್ದ ಇಂಥ ಕೆಲಸಕ್ಕೆ. ಆ ಎರಡು ರೀತಿಗಳಲ್ಲಿ ಮೊದಲನೆಯದು ಶಾಲೆಯಲ್ಲಿ: ಸೂರಿನ ಮೇಲೆ ಪ್ಯಾನೆಲ್, ಕೋಣೆಯೊಳಗೆ ಚಾರ್ಜಿಂಗ್ ಕೇಂದ್ರ. ಮಕ್ಕಳು ಓದುವ ದೀಪದ ಪುಟ್ಟ ಬ್ಯಾಟರಿಯನ್ನು ಬೆಳಿಗ್ಗೆ ತಂದು ಚಾರ್ಜಿಗೆ ಇಟ್ಟು ಸಂಜೆ ಒಯ್ಯುತ್ತಾರೆ. ಎರಡನೆಯದು ಸಂಜೆಯ ತಳ್ಳುಗಾಡಿ ವ್ಯಾಪಾರಿಗಳಿಗೆ: ಒಬ್ಬರು ಪ್ಯಾನೆಲ್ಲು, ಬ್ಯಾಟರಿಗಳನ್ನಿಟ್ಟುಕೊಂಡು ಹಗಲು ತುಂಬಿಸಿ, ಸಂಜೆ ಗಾಡಿಗಳಿಗೆ ದಿನದ ಬಾಡಿಗೆಗೆ ಕೊಡುವುದು. ದೆಹಲಿಯ ಟೆರಿ ಸಂಸ್ಥೆ 2008ರಲ್ಲಿ ಆರಂಭಿಸಿದ ‘ಲೈಟಿಂಗ್ ಎ ಬಿಲಿಯನ್ ಲೈವ್ಸ್’ ಯೋಜನೆಯಲ್ಲೂ ಹಳ್ಳಿಗೊಂದು ಕೇಂದ್ರ, ಸಾಮಾನ್ಯವಾಗಿ 50 ಲಾಟೀನು. ಈ ಮೂರರಲ್ಲೂ ತಂತ್ರ ಒಂದೇ: ಎಲ್ಲವನ್ನೂ ಒಂದೇ ತಂತಿಗೆ ಕಟ್ಟಿಲ್ಲ, ಪ್ರತಿಯೊಂದಕ್ಕೂ ತನ್ನದೇ ಕಿಂಡಿ, ಯಾವುದು ತುಂಬಿತು ಎಂದು ನೋಡುವ ಒಬ್ಬ ಮನುಷ್ಯ. ಕಿಂಡಿಗಿಂತ ಆ ಮನುಷ್ಯ ಮುಖ್ಯ ಎಂದು ನನ್ನ ಭಾವನೆ. 2017ರ ಸೌಭಾಗ್ಯ ಯೋಜನೆಯ ನಂತರ ಊರೊಳಗಿನ ಮನೆಗಳಿಗೆ ಲೈನು ಬಂದು ಲಾಟೀನಿನ ಅಗತ್ಯ ಕುಗ್ಗಿತು. ಹೊಲದ ಬ್ಯಾಟರಿಯ ಅಗತ್ಯ ಅದೇ ಹೊತ್ತಿಗೆ ಏರಿತು. ಅದನ್ನು ಗಮನಿಸಿದವರು ಕಡಿಮೆ.

ಸರ್ಕಾರದ ಕಡೆಯಿಂದ ಆಗಬೇಕಾದದ್ದು ದೊಡ್ಡದೇನಲ್ಲ. ಕೃಷಿ ಇಲಾಖೆ ಸಹಾಯಧನದಲ್ಲಿ ಸಿಂಪಡಣೆಯ ಪಂಪ್ ಕೊಡುತ್ತದೆ, ಸೌರ ಬೇಲಿಗೂ ಸೌರ ಪಂಪ್‌ಸೆಟ್ಟಿಗೂ ಬೇರೆ ಬೇರೆ ಯೋಜನೆಗಳಿವೆ. ಒಂದೊಂದೂ ತನ್ನ ಬ್ಯಾಟರಿಯೋ ತನ್ನ ಪ್ಯಾನೆಲ್ಲೋ ಎಂದು ಪ್ರತ್ಯೇಕ ಪೆಟ್ಟಿಗೆಯಲ್ಲಿ ಬರುತ್ತದೆ. ಒಂದೇ ಮನೆಯಲ್ಲಿ ಇವೆಲ್ಲ ಸೇರುತ್ತವೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ಅಲ್ಲಿ ಬ್ಯಾಟರಿ ಪರೀಕ್ಷಿಸುವ ಒಂದು ಮೀಟರು, ಹೈಡ್ರೋಮೀಟರು, ಅವನ್ನು ಬಳಸಬಲ್ಲ ಒಬ್ಬರು ಇದ್ದರೆ ಕೂತ ಬ್ಯಾಟರಿ ಯಾವುದು, ಬರೀ ಹಸಿದ ಬ್ಯಾಟರಿ ಯಾವುದು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಸಿದದ್ದನ್ನೇ ಸತ್ತದ್ದೆಂದು ತಿಳಿದು ಹೊಸದು ಕೊಳ್ಳುವ ಖರ್ಚು ತಪ್ಪುತ್ತದೆ. ಜುಲೈ ತಿಂಗಳ ಮಟ್ಟಿಗೆ ಅದೇ ಕೇಂದ್ರ ಪಂಪಿನ ಬ್ಯಾಟರಿಗಳನ್ನು ತುಂಬಿಸಿ ಅದಲುಬದಲು ಮಾಡಿ ಕೊಟ್ಟರೆ, ಮೋಡ ಕವಿದ ವಾರದಲ್ಲೂ ಔಷಧಿ ಹೊಡೆಯುವುದು ನಿಲ್ಲುವುದಿಲ್ಲ. ಹೋಬಳಿ ಕೇಂದ್ರ ದೂರವಾಯಿತು ಎನ್ನುವವರಿಗೆ ಊರಿನ ಹಾಲಿನ ಡೇರಿ ಇದೆ, ದಿನಕ್ಕೆರಡು ಬಾರಿ ಹೇಗೂ ಹೋಗುವ ಜಾಗ. ಇವೆಲ್ಲ ಆಗಲು ಸಮಯ ಬೇಕು ಎಂದರೆ, ನಾಳೆಯೇ ಮಾಡಬಹುದಾದದ್ದು ಒಂದಿದೆ: ಸಹಾಯಧನದ ಪಂಪಿನ ಪೆಟ್ಟಿಗೆಯಲ್ಲಿ 230 ವೋಲ್ಟಿನ ಚಾರ್ಜರ್ ಜೊತೆಗೆ, 12 ವೋಲ್ಟಿನಿಂದ ನಡೆಯುವ, ಎರಡು ಆಂಪಿಯರಿಗೆ ಕಟ್ಟಿಹಾಕಿದ ಚಾರ್ಜರ್ ಒಂದೂ ಇರಲೇಬೇಕು ಎಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸುವುದು.